85 ದಾಟಿದರೆ ಪಾದ ಜೋಮು: ಟೂರಿಂಗ್ ಬೈಕ್, ನಾಲ್ಕು ವರ್ಷ ಓಡಿಸಿದ ಮೇಲೆ

ಪವರ್, ಟಾರ್ಕ್, ಟ್ಯಾಂಕ್ ಎಷ್ಟು ಲೀಟರ್ ಅನ್ನುವುದನ್ನೆಲ್ಲ ನೀವು ಆಗಲೇ ನೋಡಿರುತ್ತೀರಿ. ಸಿಂಗಲ್ ಸಿಲಿಂಡರ್, ಚೈನ್ ಇರುವ ಬೈಕ್. ಪುಣೆಯಿಂದ ಧಾರವಾಡಕ್ಕೆ ಹಬ್ಬಕ್ಕೆ ಹೋಗಿಬರಲು ಅಂತಲೇ ತೆಗೆದುಕೊಂಡೆ. ಖಂಬಾಟಕಿ ಘಾಟ್ ಹಾಯಾಗಿ ಹತ್ತುತ್ತದೆ. ಕರಾಡ್‌ನಲ್ಲಿ ಚಹಾಕ್ಕೆ ನಿಲ್ಲಿಸುವವರೆಗೂ ಬೆನ್ನು ತಕರಾರು ಮಾಡುವುದಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಶುರುವಾಯಿತು ನೋಡಿ. ಸ್ಪೀಡ್ ಗಂಟೆಗೆ 85 ಕಿ.ಮೀ. ದಾಟಿದರೆ ಫುಟ್‌ರೆಸ್ಟ್‌ನಲ್ಲಿ ಗುರ್ರ್ ಅಂತ ವೈಬ್ರೇಶನ್. ಸಾತಾರಾ ಮುಟ್ಟುವಷ್ಟರಲ್ಲಿ ಪಾದ ಜೋಮು ಹಿಡಿದಿರುತ್ತಿತ್ತು. ಸರ್ವಿಸ್ ಸೆಂಟರ್‌ನಲ್ಲಿ ಹೇಳಿದರೆ, "ಸಿಂಗಲ್ ಸಿಲಿಂಡರ್ ಅಲ್ವಾ ಸರ್, ಇಷ್ಟು ಇದ್ದೇ ಇರುತ್ತೆ" ಅಂದರು. ಟ್ಯಾಪೆಟ್ (ಎಂಜಿನ್ ವಾಲ್ವಿನ ಸಂದು) ಸೆಟ್ ಮಾಡಿದರು, ಎಂಜಿನ್ ಮೌಂಟಿನ ಬೋಲ್ಟ್ ಬಿಗಿ ಮಾಡಿದರು, ಬಿಲ್ ಕೊಟ್ಟರು. ವೈಬ್ರೇಶನ್ ಹಾಗೇ ಇತ್ತು. ಒಬ್ಬರೂ ಬೈಕನ್ನು ಹೈವೇಗೆ ಒಯ್ದು ಓಡಿಸಿ ನೋಡಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಎಂಜಿನ್ನಿನದೇ ತೊಂದರೆಯಾದರೆ ಅದು ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಜೊತೆ ಏರಿ ಇಳಿಯಬೇಕು. ನನ್ನದು ನಾಲ್ಕನೇ ಗೇರಾದರೂ ಅಷ್ಟೇ, ಐದನೆಯದಾದರೂ ಅಷ್ಟೇ, ಸ್ಪೀಡ್ 85 ಆದರೆ ಸಾಕು. ಹಿಂದೆ ಮುಂದೆ ಗಾಡಿ ಇಲ್ಲದ ಕಡೆ ಕ್ಲಚ್ ಒತ್ತಿ ಹಿಡಿದು ಆಕ್ಸಿಲರೇಟರ್ ಬಿಟ್ಟೆ. ಎಂಜಿನ್ ಐಡಲ್‌ಗೆ ಬಂತು, ಗುರ್ರ್ ನಿಲ್ಲಲಿಲ್ಲ. ಅಂದರೆ ಚಕ್ರ, ಟಯರ್ ಇಲ್ಲವೇ ಚೈನ್. ಹ್ಯಾಂಡಲ್ ಶಾಂತವಾಗಿತ್ತು, ಹಾಗಾಗಿ ಮುಂದಿನ ಚಕ್ರದ ಮೇಲೆ ಅನುಮಾನ ಕಮ್ಮಿ.

ಭಾನುವಾರ ಬೆಳಿಗ್ಗೆ ಸೊಸೈಟಿ ಪಾರ್ಕಿಂಗ್‌ನಲ್ಲಿ ಚೈನ್ ತೊಳೆಯುವುದು ನನ್ನ ಮಟ್ಟಿಗೆ ಪೂಜೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಕೈಯಿಂದ ಚಕ್ರ ತಿರುಗಿಸುತ್ತೇನೆ. ಸೀಮೆಎಣ್ಣೆ, ಹಳೆ ಟೂತ್‌ಬ್ರಶ್, ಆಮೇಲೆ ಲೂಬ್. (ಪೆಟ್ರೋಲ್ ಬೇಡ, ಚೈನ್ ಕೊಂಡಿಗಳಲ್ಲಿರುವ ರಬ್ಬರ್ ಓ-ರಿಂಗ್ ಹಾಳಾಗುತ್ತದೆ.) ಆ ಸಲ ತಿರುಗಿಸುತ್ತಾ ಚೈನನ್ನು ಬೆರಳಿಂದ ಎತ್ತಿ ನೋಡಿದೆ. ಒಂದು ಕಡೆ ಸಡಿಲ, ಸ್ವಲ್ಪ ತಿರುಗಿಸಿದರೆ ತಂತಿಯಂತೆ ಬಿಗಿ. ಕೆಲವು ಕೊಂಡಿಗಳು ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲಿನ ಚಕ್ರ) ದಾಟಿದ ಮೇಲೂ ನೆಟ್ಟಗಾಗದೆ ಮಡಚಿಕೊಂಡೇ ಇದ್ದವು. ಮುಂದಿನ ಸ್ಪ್ರಾಕೆಟ್ ಕವರ್ ತೆಗೆದರೆ ಹಲ್ಲುಗಳೆಲ್ಲ ಒಂದೇ ಕಡೆ ಬಾಗಿವೆ.

ಪುಣೆಯ ನಾನಾ ಪೇಠ್‌ಗೆ ಹೋಗಿ ಚೈನ್ ಕಿಟ್ ತಂದೆ, ಅಂದರೆ ಚೈನ್ ಮತ್ತು ಮುಂದಿನ, ಹಿಂದಿನ ಸ್ಪ್ರಾಕೆಟ್. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹೋಗುತ್ತದೆ, ಆದ್ದರಿಂದ ಮೂರೂ ಒಟ್ಟಿಗೆ. ಹಾಕಿಕೊಟ್ಟ ಮೆಕ್ಯಾನಿಕ್ ವಯಸ್ಸಾದವರು, ಜಾಸ್ತಿ ಮಾತಿಲ್ಲ. ಹಿಂದಿನ ಚಕ್ರ ಬಿಚ್ಚಿದವರೇ ಡ್ರಮ್ ರಬ್ಬರನ್ನು (ಚೈನ್ ಎಳೆತದ ಜರ್ಕ್ ತಡೆಯುವ ರಬ್ಬರ್) ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ಅದು ಸುಮ್ನೆ ಕೈಗೆ ಬರಬಾರದು, ಒತ್ತಿ ಕೂರಿಸುವಷ್ಟು ಬಿಗಿ ಇರಬೇಕು. ಅದನ್ನೂ ಬದಲಾಯಿಸಿದರು. ಒಟ್ಟು ಖರ್ಚು ನನ್ನ ತಿಂಗಳ ಪೆಟ್ರೋಲ್ ಬಜೆಟ್ಟಿಗಿಂತ ಜಾಸ್ತಿಯೇ ಆಯಿತು, ಆದರೂ ಕೊಡುವಾಗ ಬೇಜಾರಾಗಲಿಲ್ಲ.

ಈಗ 90ರಲ್ಲಿ ಫುಟ್‌ರೆಸ್ಟ್ ತಣ್ಣಗಿದೆ. 100 ದಾಟಿದರೆ ಹ್ಯಾಂಡಲ್‌ನಲ್ಲಿ ಸಣ್ಣಗೆ ಜುಮ್ ಅನ್ನುತ್ತದೆ. ಅದು ಆರ್‌ಪಿಎಂ ಜೊತೆಗೇ ಬರುವಂಥದ್ದು, ಈ ಎಂಜಿನ್ ಹುಟ್ಟುಗುಣ. ದಿನಾ 110ರಲ್ಲಿ ಓಡಿಸುವ ಆಸೆ ಇದ್ದವರು ಟ್ವಿನ್ ಸಿಲಿಂಡರ್ ನೋಡಿ. ನನ್ನ ಹಾಗೆ 85-90ರಲ್ಲಿ ಊರು ಮುಟ್ಟುವವರಿಗೆ ಧಾರಾಳವಾಗಿ ಸಾಕು. ಆದರೆ ತೆಗೆದುಕೊಳ್ಳುವಾಗ ಕ್ರ್ಯಾಶ್ ಗಾರ್ಡ್‌ಗಿಂತ ಮೊದಲು ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಚಕ್ರ ತಿರುಗಿಸಿ ಚೈನ್ ನೋಡಲು ಅದು ಬೇಕು. ಬೇಡ ಸರ್, ಭಾರ ಜಾಸ್ತಿ ಆಗುತ್ತೆ ಅಂತ ಶೋರೂಮಿನವರು ಹೇಳುತ್ತಾರೆ, ಕೇಳಬೇಡಿ.