5 ವೋಲ್ಟ್ ಸೆನ್ಸರ್, 3.3 ವೋಲ್ಟ್ ಬೋರ್ಡ್: ಎರಡು ರೆಸಿಸ್ಟರ್ ಸಾಕೇ, ಲೆವೆಲ್ ಶಿಫ್ಟರ್ ಬೇಕೇ?

ಶಿರಸಿಯ ನಮ್ಮ ಅಡಿಕೆ ತೋಟದ ಟ್ಯಾಂಕಿನಲ್ಲಿ ನೀರಿನ ಮಟ್ಟ ಅಳೆಯುತ್ತಿದ್ದ ಆರ್ಡುಯಿನೊ ಉನೊ ಎಂಬ ಪುಟ್ಟ ನಿಯಂತ್ರಕ ಬೋರ್ಡನ್ನು ತೆಗೆದು, ವೈಫೈಗಾಗಿ ಇಎಸ್‌ಪಿ32 ಬೋರ್ಡ್ ಕೂರಿಸಿದಾಗ ಎದುರಾದ ಪ್ರಶ್ನೆ ಇದು. ಉನೊ 5 ವೋಲ್ಟ್‌ನದು, ಇಎಸ್‌ಪಿ32 3.3 ವೋಲ್ಟ್‌ನದು. ಎಚ್‌ಸಿ-ಎಸ್‌ಆರ್04 ಎಂಬ, ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಸೆನ್ಸರಿನ ಎಕೋ (ಉತ್ತರ ಕೊಡುವ) ಪಿನ್ 5 ವೋಲ್ಟ್ ಹೊರಹಾಕುತ್ತದೆ. ನೇರವಾಗಿ ಜೋಡಿಸಿದರೆ ಬೋರ್ಡಿನ ಪಿನ್ ಕೆಡಬಹುದು. ವೋಲ್ಟೇಜ್ ಇಳಿಸಲು ಎರಡು ರೆಸಿಸ್ಟರ್ ಹಾಕಬಹುದು, ಇಲ್ಲವೇ ಎರಡು ವೋಲ್ಟೇಜ್‌ಗಳ ನಡುವೆ ಸಂಕೇತವನ್ನು ಹೊಂದಿಸುವ ಲೆವೆಲ್ ಶಿಫ್ಟರ್ ಎಂಬ ಪುಟ್ಟ ಸರ್ಕ್ಯೂಟ್ ಬಳಸಬಹುದು.

ಈ ಕೆಲಸಕ್ಕೆ ನಾನು ಕಣ್ಣುಮುಚ್ಚಿ ರೆಸಿಸ್ಟರ್ ಜೋಡಿಯನ್ನೇ ಆರಿಸುತ್ತೇನೆ. ಎಕೋದಿಂದ 1 ಕಿಲೋ ಓಮ್, ಅದರ ಇನ್ನೊಂದು ತುದಿಯಿಂದ ಗ್ರೌಂಡಿಗೆ 2 ಕಿಲೋ ಓಮ್, ನಡುವಿನ ಬೆಸುಗೆಯಿಂದ ಬೋರ್ಡಿಗೆ ತಂತಿ. 5ರಲ್ಲಿ ಮೂರನೇ ಎರಡು ಭಾಗ, ಅಂದರೆ ಸುಮಾರು 3.3 ವೋಲ್ಟ್ ಸಿಗುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ಸಿಗುವುದು 1.67 ವೋಲ್ಟ್ ಮಾತ್ರ. ಬೋರ್ಡ್ ಅದನ್ನು ‘ಹೈ’ (ಸಂಕೇತ ಬಂದಿದೆ) ಎಂದು ಗುರುತಿಸುತ್ತದೆ ಎಂಬ ಖಾತ್ರಿಯಿಲ್ಲ. ಬೆಸುಗೆಗೆ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. ಸೆನ್ಸರಿಗೆ ಅಳೆಯಲು ಹೇಳುವ ಟ್ರಿಗ್ ಪಿನ್ನಿಗೆ ಸಾಮಾನ್ಯವಾಗಿ 3.3 ವೋಲ್ಟ್ ಸಾಕು.

ಐ2ಸಿ (ಬೋರ್ಡ್ ಮತ್ತು ಸೆನ್ಸರ್ ಮಾತಾಡಿಕೊಳ್ಳುವ ಒಂದು ವಿಧಾನ) ಸೆನ್ಸರಾದರೆ ಲೆಕ್ಕವೇ ಬೇರೆ. ಅಲ್ಲಿ ಒಂದೇ ತಂತಿಯಲ್ಲಿ ಮಾತು ಎರಡೂ ಕಡೆಗೆ ಹರಿಯುತ್ತದೆ, ರೆಸಿಸ್ಟರ್ ಜೋಡಿ ಒಂದು ದಿಕ್ಕಿಗಷ್ಟೇ ಒದಗುತ್ತದೆ. ಬಿಎಸ್‌ಎಸ್138 ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇರುವ ಲೆವೆಲ್ ಶಿಫ್ಟರ್ ಕೊಳ್ಳಿ, ಹಣ ಉಳಿಸಲು ಹೋಗಬೇಡಿ. ಆದರೆ ವೋಲ್ಟೇಜಿನ ಏರಿಳಿತದಲ್ಲೇ ಅಳತೆ ತಿಳಿಸುವ ಅನಲಾಗ್ ಸೆನ್ಸರಿಗೆ ಅದು ಸಲ್ಲದು. ಅಲ್ಲಿ ಮತ್ತೆ ರೆಸಿಸ್ಟರ್‌ಗಳೇ, ಓದಿದ ಅಂಕಿಯನ್ನು ಕೋಡಿನಲ್ಲಿ ಇಳಿದ ಪ್ರಮಾಣಕ್ಕೆ ತಕ್ಕಂತೆ ಮತ್ತೆ ಏರಿಸಬೇಕು (ಮೇಲಿನ ಜೋಡಿಗೆ 1.5ರಿಂದ ಗುಣಿಸಬೇಕು).

ಉಷ್ಣಾಂಶ, ತೇವಾಂಶ ಅಳೆಯುವ ಸೆನ್ಸರನ್ನು ಹೊಸದಾಗಿ ಕೊಳ್ಳುವವರಾದರೆ 3.3 ವೋಲ್ಟ್‌ನಲ್ಲೇ ನಡೆಯುವ ಡಿಎಚ್‌ಟಿ22, ಬಿಎಂಇ280ರಂಥವನ್ನು ಹುಡುಕಿ. ಕಾರವಾರದಂಥ ಕರಾವಳಿಯ ಉಪ್ಪುಗಾಳಿಯಲ್ಲಿ ಬೆಸುಗೆಗಳು ಕಡಿಮೆಯಿದ್ದಷ್ಟೂ ತುಕ್ಕು ಹಿಡಿಯುವ ಜಾಗಗಳು ಕಡಿಮೆ.