ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದ ಡೀಸೆಲ್ ಕಾರು, 750 ರೂಪಾಯಿಯ ಒಬಿಡಿ ಡಾಂಗಲ್: ಎಂಟು ತಿಂಗಳು ಬಳಸಿದ ಮೇಲೆ

ಎಂಟು ತಿಂಗಳ ಹಿಂದೆ 750 ರೂಪಾಯಿಗೆ ಒಂದು ಬ್ಲೂಟೂತ್ ಒಬಿಡಿ ಡಾಂಗಲ್ ತರಿಸಿದೆ. ಕಾರಿನ ಕಂಪ್ಯೂಟರ್‌ನಲ್ಲಿರುವ ಮಾಹಿತಿಯನ್ನು ಫೋನಿನಲ್ಲಿ ತೋರಿಸುವ ಸಾಧನ ಇದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ನೀಲಿ ಬಣ್ಣ, ಮೇಲೆ ಇಎಲ್‌ಎಂ327 ಅಂತ ಬರೆದಿದೆ. ಯಾರು ಮಾಡಿದ್ದು ಅಂತ ಡಬ್ಬಿಯ ಮೇಲೂ ಇಲ್ಲ. ಇದೇ ಥರದ್ದು ಹತ್ತಾರು ಹೆಸರಲ್ಲಿ ಸಿಗುತ್ತದೆ. ನನ್ನ ಕಾರಿನ ಕಾಯಿಲೆ ಏನು ಅಂತ ಗೊತ್ತಾಗಿದ್ದು ಇದರಿಂದಲೇ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಮ್ಮದು 2014ರ ಸಣ್ಣ ಡೀಸೆಲ್ ಕಾರು, ಕಾಮನ್ ರೈಲ್ ಎಂಜಿನ್ (ರೈಲ್ ಅನ್ನೋ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಒತ್ತಡದ ಡೀಸೆಲ್ ಹೋಗುವಂಥದ್ದು, ಅದನ್ನು ಎಂಜಿನ್ ಒಳಗೆ ಸಿಂಪಡಿಸುವುದು ಇಂಜೆಕ್ಟರ್), 1,30,000 ಕಿಲೋಮೀಟರ್ ಓಡಿದೆ. ಮನೆ ತೀರ್ಥಹಳ್ಳಿ. ಎರಡು ತಿಂಗಳಿಗೊಮ್ಮೆ ಅಪ್ಪನನ್ನು ತಪಾಸಣೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಬೆಳಿಗ್ಗೆ ಹೊರಡುವಾಗ ಕಾರು ಒಂದೇ ಸೆಲ್ಫ್‌ಗೆ (ಸ್ಟಾರ್ಟರ್ ಮೋಟರ್‌ಗೆ) ಹಿಡಿಯುತ್ತದೆ, ದಾರಿಯಲ್ಲೂ ಏನೂ ತೊಂದರೆ ಇಲ್ಲ. ವಾಪಸ್ ಬರುವಾಗ ಹೆಬ್ರಿ, ಸೋಮೇಶ್ವರ ದಾಟಿ, ಘಾಟಿಯ 14 ಹೇರ್‌ಪಿನ್ ತಿರುವು ಹತ್ತಿ ಆಗುಂಬೆಯಲ್ಲಿ ಚಹಾಕ್ಕೆ ನಿಲ್ಲಿಸುತ್ತೇವೆ. ಹದಿನೈದು ನಿಮಿಷ, ಅಷ್ಟೇ. ಬಂದು ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಮುಕ್ಕಾಲು ಗಂಟೆ ಕಾದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ. ಒಂದು ಸಲ ಮಳೆ ಹೊಯ್ಯುತ್ತಿತ್ತು, ಕತ್ತಲಾಗುತ್ತಿತ್ತು, ಆಸ್ಪತ್ರೆಯಿಂದ ಬಂದ ಅಪ್ಪ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದರು. ಅವತ್ತು ನನಗೆ ನಿಜವಾಗಿಯೂ ಭಯ ಆಯಿತು.

ಪ್ರತಿ ಸಲವೂ ಹೀಗೇ ಆಗಿದ್ದರೆ ಎಷ್ಟೋ ಸುಲಭ ಇತ್ತು. ನಾಲ್ಕು ಸಲ ಸರಿ, ಐದನೇ ಸಲ ಕೈಕೊಡುತ್ತಿತ್ತು. ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತಿತ್ತು, ಅಲ್ಲಿ ನೋಡಿದರೆ ಎಲ್ಲಾ ಸರಿ. ಒಂದು ಕಡೆ ಬ್ಯಾಟರಿ ಬದಲಾಯಿಸಿದರು, 5,600 ರೂಪಾಯಿ. ಇನ್ನೊಂದು ಸಲ ಡೀಸೆಲ್ ಫಿಲ್ಟರ್. ಮೂರನೇ ಸಲ, ಹೈ ಪ್ರೆಶರ್ ಪಂಪ್ ಬಿಚ್ಚಬೇಕು, ಇಂಜೆಕ್ಟರ್‌ಗಳನ್ನು ಟೆಸ್ಟಿಂಗ್‌ಗೆ ಕಳಿಸಬೇಕು, 40,000ದ ಮೇಲಾಗಬಹುದು ಅಂದರು. ಅವರ ದೊಡ್ಡ ಸ್ಕ್ಯಾನರ್‌ನಲ್ಲಿ ಒಂದು ಕೋಡೂ (ಕಾರಿನ ಕಂಪ್ಯೂಟರ್ ದಾಖಲಿಸಿಡುವ ದೋಷದ ಸಂಖ್ಯೆ) ಇರಲಿಲ್ಲ. ಕೋಡ್ ಇಲ್ಲದೆ ಬರೀ ಅಂದಾಜಿನ ಮೇಲೆ ಅಷ್ಟು ದುಡ್ಡು ಹಾಕಲು ನನಗೆ ಮನಸ್ಸು ಬರಲಿಲ್ಲ.

ಈಗ ಡಾಂಗಲ್ ವಿಷಯ. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಬೇಕು. ಕೀ ಆನ್ ಮಾಡಿ ಫೋನಿನ ಬ್ಲೂಟೂತ್‌ಗೆ ಜೋಡಿಸಬೇಕು, ಪಿನ್ 1234. ಆಮೇಲೆ ಆಪ್ ತೆರೆಯಬೇಕು. ನಾನು ಕಾರ್ ಸ್ಕ್ಯಾನರ್ ಅನ್ನೋ ಆಪ್ ಬಳಸುತ್ತೇನೆ, ಟಾರ್ಕ್ ಅನ್ನೋ ಆಪ್ ಕೂಡ ಚೆನ್ನಾಗಿದೆ. ಮೊದಲ ದಿನ ಕೋಡ್ ಹುಡುಕಿದೆ, ಏನೂ ಸಿಗಲಿಲ್ಲ. ದುಡ್ಡು ಹೋಯಿತು ಅಂದುಕೊಂಡೆ. ಆದರೆ ಇದರ ಉಪಯೋಗ ಇರುವುದು ಕೋಡ್ ಓದುವುದರಲ್ಲಿ ಅಲ್ಲ, ಲೈವ್ ಡೇಟಾದಲ್ಲಿ. ಕಾರು ಕೈಕೊಡುವ ಆ ಹತ್ತು ಸೆಕೆಂಡಿನಲ್ಲಿ ಒಳಗೆ ಏನು ನಡೀತಿದೆ ಅನ್ನೋದು ಆಮೇಲೆ ಯಾವ ಗ್ಯಾರೇಜಿನಲ್ಲೂ ಕಾಣಲ್ಲ, ಆ ಹೊತ್ತಿಗೆ ಪಕ್ಕದಲ್ಲಿ ಇರುವವರು ನಾವು ಮಾತ್ರ ಅಲ್ವಾ.

ನಾನು ಮೂರೇ ಮೂರು ಅಳತೆ ಇಟ್ಟುಕೊಂಡೆ. ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು), ರೈಲ್ ಪ್ರೆಶರ್ (ಆ ಕೊಳವೆಯಲ್ಲಿನ ಡೀಸೆಲ್ ಒತ್ತಡ), ಬ್ಯಾಟರಿ ವೋಲ್ಟೇಜ್. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸೆಲ್ಫ್ ಸಾಕಷ್ಟು ಜೋರಾಗಿ ತಿರುಗಬೇಕು, ರೈಲಿನಲ್ಲಿ ಡೀಸೆಲ್ ಒತ್ತಡ ಏರಬೇಕು, ಎಂಜಿನ್ ಯಾವ ಸ್ಥಾನದಲ್ಲಿದೆ ಅಂತ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗೆ) ಗೊತ್ತಾಗಬೇಕು. ಈ ಮೂರೂ ಸೇರಿದರೆ ಮಾತ್ರ ಇಂಜೆಕ್ಟರ್ ತೆರೆಯುತ್ತದೆ. ಮನೆಯಲ್ಲಿ ಸರಿಯಾಗಿ ಸ್ಟಾರ್ಟ್ ಆಗುವಾಗಿನ ಲೆಕ್ಕ ಮೊದಲೇ ಬರೆದಿಟ್ಟೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ 240ರ ಆಸುಪಾಸು, ವೋಲ್ಟೇಜ್ 10.4, ರೈಲ್ ಪ್ರೆಶರ್ ಕ್ಷಣದಲ್ಲಿ 25,000 ಕಿಲೋಪಾಸ್ಕಲ್ ದಾಟುತ್ತಿತ್ತು. 100 ಕಿಲೋಪಾಸ್ಕಲ್‌ಗೆ 1 ಬಾರ್, ಅಂದರೆ 250 ಬಾರ್. ಸರಿ ಇರುವಾಗಿನ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ಕೆಟ್ಟಾಗ ಕಂಡ ಲೆಕ್ಕಕ್ಕೆ ಅರ್ಥವೇ ಇಲ್ಲ, ದಯವಿಟ್ಟು ಇದನ್ನು ಮೊದಲು ಮಾಡಿ.

ಮುಂದಿನ ಮಣಿಪಾಲ ಪ್ರಯಾಣದಲ್ಲಿ ಆಗುಂಬೆಯಲ್ಲಿ ಚಹಾ ಮುಗಿಸಿ ಬಂದಾಗ ಮತ್ತೆ ಕೈಕೊಟ್ಟಿತು. ಅಪ್ಪನಿಗೆ ಫೋನ್ ಹಿಡಿದುಕೊಳ್ಳಲು ಹೇಳಿ ಸೆಲ್ಫ್ ಹೊಡೆದೆ. ವೋಲ್ಟೇಜ್ 10.3. ಬ್ಯಾಟರಿ ಸರಿ ಇದೆ. ಆರ್‌ಪಿಎಂ ಎಷ್ಟು ಅಂತ ಕೇಳಿದೆ. "ಸೊನ್ನೆ" ಅಂದರು. ಇನ್ನೊಮ್ಮೆ ಹೊಡೆದೆ. "ಸೊನ್ನೆಯೇ ಮಾರಾಯ, ಅಲ್ಲಾಡ್ತಾನೇ ಇಲ್ಲ." ಎಂಜಿನ್ ತಿರುಗುವ ಸದ್ದು ಇಬ್ಬರಿಗೂ ಕೇಳ್ತಿದೆ, ಇಸಿಯು ಲೆಕ್ಕದಲ್ಲಿ ಮಾತ್ರ ಎಂಜಿನ್ ನಿಂತೇ ಇದೆ! ಇಡೀ ಸ್ಕ್ರೀನ್ ರೆಕಾರ್ಡ್ ಮಾಡಿಕೊಂಡೆ.

ಅದನ್ನು ತೀರ್ಥಹಳ್ಳಿಯಲ್ಲಿ ಒಬ್ಬ ಹಳೇ ಮೆಕ್ಯಾನಿಕ್‌ಗೆ ತೋರಿಸಿದೆ. ಚಿಕ್ಕ ಶೆಡ್ಡು, ಬೋರ್ಡೂ ಇಲ್ಲ. ಅವರು ವಿಡಿಯೋ ಎರಡು ಸಲ ನೋಡಿ, "ಪಂಪ್ ಮುಟ್ಟೋದು ಬೇಡ ಮಾರಾಯ್ರೇ, ಕ್ರ್ಯಾಂಕ್ ಸೆನ್ಸರ್ ನೋಡುವ" ಅಂದರು. ಎಂಜಿನ್ ತಿರುಗುತ್ತಿದೆ ಅಂತ ಇಸಿಯುಗೆ ತಿಳಿಸುವುದು ಇದೇ ಸೆನ್ಸರ್. ನಮ್ಮ ಕಾರಿನದು ಎರಡು ವೈರಿನದು, ಒಳಗಿರುವುದು ಕೂದಲೆಳೆಯಂಥ ತಂತಿಯ ಸುರುಳಿ. ಬಿಚ್ಚಿ ತಂದು ಬೆಂಚಿನ ಮೇಲಿಟ್ಟು ಮಲ್ಟಿಮೀಟರ್ ಹಿಡಿದರು. ತಣ್ಣಗಿರುವಾಗ 870 ಓಮ್. ಆಮೇಲೆ ಹೇರ್ ಡ್ರೈಯರ್‌ನಿಂದ ಗಾಳಿ ಬಿಟ್ಟರು. 900 ಆಯಿತು, 960 ಆಯಿತು, ಅಂಕಿ ಸ್ವಲ್ಪ ಕುಣಿಯಿತು, ತಟ್ಟನೆ ಓಎಲ್ ಅಂತ ಬಂತು. ಅಂದರೆ ಒಳಗೆ ತಂತಿ ಬಿಟ್ಟುಕೊಂಡಿದೆ. ಬಟ್ಟೆ ಒದ್ದೆ ಮಾಡಿ ಸುತ್ತಿದರು, ಮೂರು ನಾಲ್ಕು ನಿಮಿಷದಲ್ಲಿ ಮತ್ತೆ 880. ಒಂದು ವರ್ಷದಿಂದ ನನ್ನನ್ನು ಕಾಡಿದ್ದು ಬೆಂಚಿನ ಮೇಲೆ ಕಣ್ಣೆದುರೇ ಬಂದು ಹೋಯಿತು. (ಮೂರು ವೈರಿನ 'ಹಾಲ್ ಎಫೆಕ್ಟ್' ಬಗೆಯ ಸೆನ್ಸರ್ ಆದರೆ ಹೀಗೆ ಓಮ್ ಅಳೆದು ಹೇಳಲು ಆಗಲ್ಲ, ಅದಕ್ಕೆ ಬೇರೆ ಪರೀಕ್ಷೆ.)

ಘಾಟಿ ಹತ್ತಿದ ಮೇಲೇ ಯಾಕೆ ಅಂತ ಅವರೇ ಬಿಡಿಸಿ ಹೇಳಿದರು. ಓಡುವಾಗ ಕೂಲಂಟ್ ಹರಿಯುತ್ತಿರುತ್ತದೆ, ಎದುರಿನಿಂದ ಗಾಳಿ ಬರುತ್ತಿರುತ್ತದೆ. ನಿಲ್ಲಿಸಿದ ತಕ್ಷಣ ಎರಡೂ ನಿಲ್ಲುತ್ತವೆ, ಆದರೆ ಎಂಜಿನ್‌ನ ಕಬ್ಬಿಣ ಕಾದೇ ಇರುತ್ತದೆ. ಆ ಕಾವು ಬಾನೆಟ್ ಒಳಗೆಲ್ಲ ಹರಡುತ್ತದೆ. ಹಾಗಾಗಿ ಮೊದಲ ಹತ್ತು ಇಪ್ಪತ್ತು ನಿಮಿಷ ಸೆನ್ಸರ್ ಓಡುವಾಗಿಗಿಂತ ಜಾಸ್ತಿ ಬಿಸಿಯಾಗುತ್ತದೆ. ನಮ್ಮ ಚಹಾದ ಸಮಯವೂ ಸರಿಯಾಗಿ ಅಷ್ಟೇ. ಕೋಡ್ ಯಾಕೆ ಬರಲಿಲ್ಲ ಅಂದರೆ, ಸಿಗ್ನಲ್ ಇಲ್ಲದಿದ್ದಾಗ ಎಂಜಿನ್ ತಿರುಗುತ್ತಲೇ ಇಲ್ಲ ಅಂತ ಇಸಿಯು ತಿಳಿಯುತ್ತದೆ. ತಿರುಗದ ಎಂಜಿನ್‌ನಲ್ಲಿ ಅದಕ್ಕೆ ದೋಷ ಕಾಣುವುದಾದರೂ ಹೇಗೆ? ಪಿ0335 ಅನ್ನೋ ಕೋಡ್ ಇದಕ್ಕೇ ಇದೆ, ಆದರೆ ಅದು ಬರಲೇಬೇಕು ಅಂತ ಕಾಯಬೇಡಿ. ಹೊಸ ಸೆನ್ಸರ್ 1,450, ಕೂಲಿ 300. ಕೂಲಿ ಇನ್ನೂ ಸ್ವಲ್ಪ ತೆಗೆದುಕೊಳ್ಳಿ ಅಂದರೂ ಅವರು ಒಪ್ಪಲಿಲ್ಲ.

ನಿಮಗೆ ಬೇರೆ ಲೆಕ್ಕ ಕಾಣಬಹುದು. ಆರ್‌ಪಿಎಂ ಬರ್ತಿದೆ, ರೈಲ್ ಪ್ರೆಶರ್ ಮಾತ್ರ ಏರ್ತಿಲ್ಲ ಅಂದರೆ ಡೀಸೆಲ್ ಕಡೆ ನೋಡಿ, ಫಿಲ್ಟರ್ ಅಥವಾ ಪೈಪಿನಲ್ಲಿ ಗಾಳಿ ಸೇರುತ್ತಿರಬಹುದು, ಇಂಜೆಕ್ಟರ್‌ನಿಂದ ಡೀಸೆಲ್ ಜಾಸ್ತಿ ವಾಪಸ್ ಹರಿಯುತ್ತಿರಬಹುದು. ರಾತ್ರಿಯೆಲ್ಲ ನಿಲ್ಲಿಸಿ ಬೆಳಿಗ್ಗೆ ಮಾತ್ರ ತೊಂದರೆ ಆದರೆ ಮೊದಲು ಗಾಳಿ ಸೇರುತ್ತಿದೆಯಾ ನೋಡಿ. ವೋಲ್ಟೇಜ್ 9ರ ಹತ್ತಿರ ಬಿದ್ದರೆ ಬ್ಯಾಟರಿ, ಇಲ್ಲವೇ ಅರ್ಥಿಂಗ್ ವೈರ್.

ಡಾಂಗಲ್‌ನ ಕೊರತೆಗಳನ್ನೂ ಹೇಳಬೇಕು. ಇಎಲ್‌ಎಂ327 ಅನ್ನೋದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡುತ್ತಿದ್ದ ಚಿಪ್. ಆ ಕಂಪನಿ 2022ರಲ್ಲೇ ಮುಚ್ಚಿತು. ಅಗ್ಗದಲ್ಲಿ ಸಿಗುವುದೆಲ್ಲ ನಕಲು. ಕೆಲವು ವರ್ಷನ್ 1.5 ಅಂತ ಹಾಕಿಕೊಂಡು ಬರುತ್ತವೆ, ಅಸಲಿ ಕಂಪನಿ ಆ ಹೆಸರಿನ ವರ್ಷನ್ನೇ ಬಿಟ್ಟಿರಲಿಲ್ಲ. ನನ್ನದು ನಿಧಾನ, ಐದಾರು ಅಳತೆ ಒಟ್ಟಿಗೆ ಕೇಳಿದರೆ ಒಂದೊಂದು ಅಂಕಿ ಬದಲಾಗಲು ಎರಡು ಸೆಕೆಂಡ್ ಬೇಕು, ಅದಕ್ಕೇ ಮೂರೇ ಇಟ್ಟಿದ್ದು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದು ಎರಡು ಸಲ ಡಾಂಗಲ್ಲೇ ಆಫ್ ಆಗಿ ಬ್ಲೂಟೂತ್ ಕಡಿದುಹೋಯಿತು. ಹಾಗೆ ಕಡಿದಾಗ ನಿಂತುಹೋದ ಹಳೇ ಅಂಕಿಯನ್ನು ನಂಬಬೇಡಿ. ಕೆಲಸ ಮುಗಿದ ಮೇಲೆ ಕಿತ್ತಿಡಿ. ಸಾಕೆಟ್‌ಗೆ ಕೀ ತೆಗೆದರೂ ಕರೆಂಟ್ ಇರುತ್ತದೆ, ಹಾಗೇ ಬಿಟ್ಟರೆ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ಏನಾದರೂ ಕೋಡ್ ಬಂದಿದ್ದರೆ ಮೆಕ್ಯಾನಿಕ್ ನೋಡುವ ಮೊದಲು ಅಳಿಸಲೇಬೇಡಿ.

ಐಫೋನ್ ಇರುವವರು ಈ ಸಾಮಾನ್ಯ ಬ್ಲೂಟೂತ್‌ನದ್ದು ತಗೋಬೇಡಿ, ಜೋಡಣೆ ಆಗಲ್ಲ. ವೈಫೈ ಇರುವುದು ಅಥವಾ ಐಫೋನ್‌ಗೆ ನಡೆಯುತ್ತದೆ ಅಂತ ಬರೆದಿರುವುದೇ ಬೇಕು. ನಮ್ಮಲ್ಲಿ ಬಿಎಸ್4 (ಹೊಗೆ ಮಾಲಿನ್ಯದ ನಿಯಮ) ಕಾರುಗಳಿಗೆ ಒಬಿಡಿ-2 ಕಡ್ಡಾಯ ಆಗಿದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೇ ಕಾರಾದರೆ ಸಾಕೆಟ್ ಇದ್ದರೂ ಡಾಂಗಲ್ ಓದದೇ ಇರಬಹುದು, ಪರಿಚಯದವರ ಡಾಂಗಲ್ ತಂದು ಒಮ್ಮೆ ಹಾಕಿ ನೋಡಿ. ಸ್ವಲ್ಪ ಜಾಸ್ತಿ ಕೊಟ್ಟರೆ ಆನ್ ಆಫ್ ಸ್ವಿಚ್ ಇರುವುದು ಸಿಗುತ್ತದೆ, ಮತ್ತೆ ತಗೊಂಡರೆ ನಾನು ಅದನ್ನೇ ತಗೊಳ್ಳುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸೆನ್ಸರ್ ಹಾಕಿಸಿದ ಮೇಲೆ ಮೂರು ಸಲ ಮಣಿಪಾಲಕ್ಕೆ ಹೋಗಿಬಂದೆವು. ಮೂರು ಸಲವೂ ಆಗುಂಬೆಯಲ್ಲಿ ಬೇಕಂತಲೇ ಹದಿನೈದು ನಿಮಿಷ ನಿಲ್ಲಿಸಿ ಸೆಲ್ಫ್ ಹೊಡೆದೆ, ಅಪ್ಪ ಫೋನ್ ಹಿಡಿದುಕೊಂಡು "ಇನ್ನೂರ ನಲವತ್ತು" ಅನ್ನುವಷ್ಟರಲ್ಲಿ ಎಂಜಿನ್ ಹಿಡಿದಿತ್ತು.