ಪಿನ್, ಡಿವೈಸ್-ಪ್ರೈವೇಟ್, ಡಿವೈಸ್-ಕೊಹೆರೆಂಟ್: ಯಾವಾಗ ಯಾವುದು?

ಜಿಪಿಯುವಿನಂಥ, ಸ್ವಂತ ಮೆಮೊರಿ ಇರುವ ಡಿವೈಸ್‌ಗೆ ಲಿನಕ್ಸ್ ಡ್ರೈವರ್ ಬರೆಯುವಾಗ ಸರಳ ಕೋಡ್ ಮುಖ್ಯವೆಂದರೆ ಪುಟಗಳನ್ನು (ಮೆಮೊರಿಯ ತುಂಡುಗಳನ್ನು) ರ‍್ಯಾಮ್‌ನಲ್ಲೇ ಪಿನ್ ಮಾಡಿ, ಅಂದರೆ ಕದಲದಂತೆ ಹಿಡಿದಿಡಿ. ಒಂದೇ ಸಲ ಓದಿ ಮುಗಿಸುವ ಡೇಟಾಕ್ಕೆ ಅಷ್ಟು ಸಾಕು. ಆದರೆ ಪಿನ್ ಆದ ಪುಟ ಸ್ವಾಪ್‌ಗೆ ಹೋಗದು, ಜಾಗ ಬದಲಿಸದು. ಡಿವೈಸ್ ಪ್ರತಿ ಸಲವೂ ಬಸ್ ದಾಟಿ ಬರಬೇಕು.

ಡಿವೈಸ್ ಅದೇ ಡೇಟಾವನ್ನು ಪದೇ ಪದೇ ಮುಟ್ಟುವುದಾದರೆ ಅದನ್ನು ಡಿವೈಸ್‌ನ ಮೆಮೊರಿಗೆ ಸಾಗಿಸುವುದೇ ಲಾಭ. ಆ ಮೆಮೊರಿ ಎರಡು ಬಗೆ. ಡಿವೈಸ್-ಪ್ರೈವೇಟ್ ಮೆಮೊರಿಯನ್ನು ಸಿಪಿಯು ನೇರವಾಗಿ ಓದಲಾರದು. ಮುಟ್ಟಿದ ಕೂಡಲೇ ಪೇಜ್ ಫಾಲ್ಟ್ (ಪುಟ ಸಿಗದೆ ಕೆಲಸ ತಡೆದು ಕರ್ನಲ್‌ಗೆ ಹೋಗುವುದು), ಆಗ ಕರ್ನಲ್ ಕರೆಯುವ ಡ್ರೈವರ್‌ನ ಮೈಗ್ರೇಟ್_ಟು_ರ‍್ಯಾಮ್ ಕಾಲ್‌ಬ್ಯಾಕ್ ಪುಟವನ್ನು ವಾಪಸ್ ತರಬೇಕು. ಸಿಪಿಯು, ಡಿವೈಸ್ ಎರಡೂ ಸರದಿಯಂತೆ ಮುಟ್ಟಿದರೆ ಪುಟದ ಓಡಾಟದಲ್ಲೇ ಸಮಯ ಕಳೆಯುತ್ತದೆ. ಅಂಥ ಕಡೆ ಡಿವೈಸ್-ಕೊಹೆರೆಂಟ್ ಮೆಮೊರಿ ವಾಸಿ: ಫಾಲ್ಟ್ ಇಲ್ಲದೆ ಸಿಪಿಯು ಓದುತ್ತದೆ. ಅದಕ್ಕೆ ಹಾರ್ಡ್‌ವೇರ್ ಬೆಂಬಲ ಬೇಕೇ ಬೇಕು.

ಸಾಗಿಸುವ ಎರಡೂ ದಾರಿಯಲ್ಲಿ ಎಡವುವ ಜಾಗ ಒಂದೇ. ಸಾಗಿಸಬೇಕಾದ ಪುಟಗಳನ್ನು ಸಿದ್ಧಪಡಿಸುವ ಕರ್ನಲ್ ಫಂಕ್ಷನ್ ಮೈಗ್ರೇಟ್_ವಿಎಂಎ_ಸೆಟಪ್ ಆದ ಮೇಲೆ ಗುರಿ ಪುಟ ಪಡೆದು ಲಾಕ್ ಮಾಡಿ, ಡೇಟಾ ನಕಲಿಸಿ, ಮೈಗ್ರೇಟ್_ವಿಎಂಎ_ಪೇಜಸ್ ಕರೆಯಿರಿ. ಬಳಿಕ ಪ್ರತಿ ಮೂಲ ಪುಟದ ನಮೂದಿನಲ್ಲಿ ಮೈಗ್ರೇಟ್ ಗುರುತು ಉಳಿದಿದೆಯೇ ನೋಡಲೇಬೇಕು. ಬೇರೆ ಯಾರೋ ಪಿನ್ ಮಾಡಿದ ಪುಟ ಸಾಗುವುದಿಲ್ಲ, ಗುರುತು ಅಳಿದಿರುತ್ತದೆ. ಗುರುತು ಉಳಿದ ಪುಟಗಳನ್ನು ಮಾತ್ರ ಡಿವೈಸ್‌ನ ಪೇಜ್ ಟೇಬಲ್‌ಗೆ ಸೇರಿಸಿ, ಕೊನೆಗೆ ಮೈಗ್ರೇಟ್_ವಿಎಂಎ_ಫೈನಲೈಸ್ ಕರೆಯಿರಿ.